ಗಣಪತಿ ಚಿತ್ರವಿದ್ದ ಪಂಚಾಂಗ

ನನ್ನ ೨೦೦೭ರ ಡೈರಿಯಲ್ಲಿ ಆಗಸ್ಟ್ ೧೮, ಶನಿವಾರದ ಪುಟದ ಮೊದಲ ಸಾಲು ಒಂದು ಪ್ರಶ್ನೆ: "ಹೊಸ ಕಂಪ್ಯೂಟರಿಗೆ ವೈರಸ್ ಬಾರದಂತೆ ಕಾವಲು ಹಾಕಿಸಿದ್ದೇನೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?"

ಕೇಳಿದವಳು ನಾನು. ಕೇಳಿದ್ದು ಗುರುಪಾದಯ್ಯ ಮಾಸ್ತರರನ್ನು. ಅವರು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಧಾರವಾಡದ ನಮ್ಮ ಓಣಿಯ ವಾಚನಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಮಗೆ ವಚನಗಳನ್ನು ಓದಿಸಿ ಅರ್ಥ ಹೇಳುತ್ತಿದ್ದರು. ನಾವು ಹನ್ನೆರಡು ಮಂದಿ ಹೆಂಗಸರು. ಅವರನ್ನು ಗುರುಗಳೆಂದೇ ಕರೆಯುತ್ತಿದ್ದೆವು.

ನನ್ನ ಪ್ರಶ್ನೆಗೆ ಮೊದಲು ನಕ್ಕವರು ಕಮಲಾಕ್ಷಿಬಾಯಿ.

"ಅಕ್ಕಾರ, ಅದರ ಕೊರಳಿಗೊಂದು ತಾಯಿತ ಕಟ್ರಿ. ಮುಗೀತು."

ಗುರುಗಳು ನಗಲಿಲ್ಲ. "ತಂದು ಎಷ್ಟು ದಿನ ಆತು?" ಎಂದು ಕೇಳಿದರು.

"ಮೇ ಇಪ್ಪತ್ತೊಂಬತ್ತಕ್ಕ ತಂದದ್ದು. ಇವತ್ತಿಗೆ ಎಂಬತ್ತೊಂದು ದಿನ ಆತ್ರಿ."

"ಒಂದು ಕತಿ ಹೇಳ್ತೀನಿ, ಕೇಳ್ರಿ," ಎಂದರು ಗುರುಗಳು. ಮಾತಿನಲ್ಲಿ ಅವರು ನಮ್ಮವರೇ. ಕತೆ ಹೇಳುವಾಗ ಮಾತ್ರ ಪುಸ್ತಕದ ಕನ್ನಡ. ಅವರು ಹೇಳಿದ್ದನ್ನು ಅಂದು ಸಂಜೆಯೇ ಬರೆದಿಟ್ಟುಕೊಂಡೆ.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಆ ಓಣಿಯಲ್ಲಿ ಅವಳ ಮನೆಯಷ್ಟು ಸ್ವಚ್ಛವಾದ ಮನೆ ಇನ್ನೊಂದಿರಲಿಲ್ಲ. ಅವಳು ಕೊಟ್ಟ ನೀರನ್ನು ಯಾರೂ ಸೋಸುತ್ತಿರಲಿಲ್ಲ. ಅವಳು ಕೊಟ್ಟ ಅಕ್ಕಿಯಲ್ಲಿ ಯಾರೂ ಕಲ್ಲು ಆರಿಸುತ್ತಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು.

ಆ ಮನೆಗೆ ಕಂಪ್ಯೂಟರ್ ಬಂತು. ಅಂಗಡಿಯವನು ಅದರಲ್ಲಿ ಕಾವಲಿನ ತಂತ್ರಾಂಶವನ್ನು ಹಾಕಿಕೊಟ್ಟ. ಹೋಗುವಾಗ ಹೇಳಿದ:

"ತಾಯಿ, ಇದು ನಿಮ್ಮ ಮನಿ ಕಾವಲುಗಾರ. ಕಳ್ಳರು ದಿನಾ ಹೊಸಬರು ಹುಟ್ತಾರ. ಅವರ ಗುರುತು ಇಂಟರ್‌ನೆಟ್ಟಿನಿಂದ ಇದಕ್ಕ ದಿನಾ ಬರಬೇಕು. ಪುಕ್ಕಟ ಸಿಗ್ತದಂತ ಕಂಡಿದ್ದೆಲ್ಲ ಒಳಗ ಕರೀಬ್ಯಾಡ್ರಿ. ಇದು ಬ್ಯಾಡ ಅಂತಂದ್ರ ಇದರ ಮಾತು ಕೇಳ್ರಿ."

ಗೃಹಿಣಿ ಅದರಂತೆ ನಡೆದಳು. ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕಿ ಬಂದು ಯಂತ್ರವನ್ನು ಚಾಲೂ ಮಾಡುವಳು. ಕಾವಲುಗಾರನಿಗೆ ಅಂದಿನ ಗುರುತುಗಳು ಬಂದವೇ ಎಂದು ನೋಡುವಳು. ಬಂದ ಮೇಲೆಯೇ ಉಳಿದ ಕೆಲಸ. ಗುರುತಿಲ್ಲದವರ ಪತ್ರ ಬಂದರೆ ತೆರೆಯದೆ ಅಳಿಸುವಳು. ಅವಳ ತಂಗಿಯ ಮಗ ಒಮ್ಮೆ ಆಟದ ಸಿ.ಡಿ. ತಂದ. ಅದರಲ್ಲಿ ಕಳ್ಳನಿದ್ದಾನೆ ಎಂದಿತು ಕಾವಲು. ಅವಳು ಆ ಸಿ.ಡಿ.ಯನ್ನು ಅವನೆದುರಿಗೇ ಎರಡು ತುಂಡು ಮಾಡಿದಳು. ಅವನು ಊಟ ಮಾಡದೆ ಎದ್ದುಹೋದ. ಅವಳು ಬೇಸರಪಟ್ಟುಕೊಳ್ಳಲಿಲ್ಲ.

ಎರಡು ತಿಂಗಳು ಹೀಗೆ ಕಳೆಯಿತು. ಆ ಯಂತ್ರದ ಮೇಲೆ ಧೂಳಿರಲಿಲ್ಲ, ಒಳಗೆ ಹುಳುಕಿರಲಿಲ್ಲ.

ಒಂದು ಸಂಕಷ್ಟಿಯ ದಿನ ಮೋಡ ಕವಿದಿತ್ತು. ಚಂದ್ರ ಕಾಣುವ ಹಾಗಿರಲಿಲ್ಲ. ಚಂದ್ರೋದಯದ ಹೊತ್ತು ತಿಳಿಯದೆ ಉಪವಾಸ ಬಿಡುವಂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬೇರೆ ಊರಿನ ಹೊತ್ತು ಕೊಟ್ಟಿದ್ದರು. ಗೃಹಿಣಿ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಒಂದು ಪಂಚಾಂಗ ಸಿಕ್ಕಿತು. ತಿಥಿ, ನಕ್ಷತ್ರ, ರಾಹುಕಾಲ, ತನ್ನೂರಿನ ಚಂದ್ರೋದಯ, ಎಲ್ಲವೂ ಅದರಲ್ಲಿತ್ತು. ಬೆಲೆ ಇರಲಿಲ್ಲ. ಮುಖಪುಟದಲ್ಲಿ ಗಣಪತಿಯ ಚಿತ್ರವಿತ್ತು.

ಅದನ್ನು ಒಳಗೆ ತರುವಾಗ ಕಾವಲುಗಾರ ತಡೆದ. "ಇದರೊಳಗೆ ಗೂಢಚಾರನಿದ್ದಾನೆ. ಕಸದ ಬುಟ್ಟಿಗೆ ಹಾಕಲೇ?" ಎಂದು ಕೇಳಿದ.

ಗೃಹಿಣಿಯ ಕೈ ನಿಂತಿತು.

ಅವಳ ಮನೆಯಲ್ಲಿ ಲಗ್ನಪತ್ರಿಕೆಗಳನ್ನು ಕಸಕ್ಕೆ ಹಾಕುತ್ತಿರಲಿಲ್ಲ. ಪ್ರತಿ ಪತ್ರಿಕೆಯ ತಲೆಯ ಮೇಲೂ ಗಣಪತಿ ಇರುತ್ತಾನೆ. ವರ್ಷದ ಪತ್ರಿಕೆಗಳನ್ನೆಲ್ಲ ದಾರದಲ್ಲಿ ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಆಮೇಲೆ ಹರಿಯುವ ನೀರಿಗೆ ಬಿಡುತ್ತಿದ್ದರು. ಅವಳ ಅತ್ತೆ ಹಾಗೆ ಮಾಡಿದ್ದಳು, ಅತ್ತೆಯ ಅತ್ತೆಯೂ ಹಾಗೆ ಮಾಡಿದ್ದಳು. ಸಂಕಷ್ಟಿಯ ದಿನ, ಉಪವಾಸದ ಹೊಟ್ಟೆಯಲ್ಲಿ, ತನ್ನ ಕೈಯಿಂದ ಗಣಪತಿಯನ್ನು ಬುಟ್ಟಿಗೆ ಹಾಕುವುದು ಹೇಗೆ?

ಅವಳು ಕಾವಲುಗಾರನಿಗೆ ಹೇಳಿದಳು, "ಇರಲಿ."

ಮರುದಿನ ಅವನು ಮತ್ತೆ ಕೇಳಿದ. ಅದರ ಮರುದಿನವೂ ಕೇಳಿದ. ಆಗ ಅವಳಿಗೆ ಸಿಟ್ಟು ಬಂತು. ಇದೊಂದರ ವಿಷಯವನ್ನು ಇನ್ನು ಮೇಲೆ ಕೇಳಬೇಡ ಎಂದು ಗುರುತು ಹಾಕಿದಳು. ಹಾಗೆ ಗುರುತು ಹಾಕಲು ಅಲ್ಲಿ ಜಾಗವಿತ್ತು. ಕಾವಲುಗಾರ ಸುಮ್ಮನಾದ. ಮನೆಯ ಒಡತಿಯ ಮಾತನ್ನು ಮೀರಲು ಅವನಿಗೆ ಅಧಿಕಾರವಿರಲಿಲ್ಲ.

ಪಂಚಾಂಗ ಸುಳ್ಳು ಹೇಳಲಿಲ್ಲ. ಮೋಡವಿಲ್ಲದ ದಿನಗಳಲ್ಲಿ ಅದು ಹೇಳಿದ ಹೊತ್ತಿಗೇ ಚಂದ್ರ ಮೂಡಿದ. ತಿಥಿ ತಪ್ಪಲಿಲ್ಲ, ನಕ್ಷತ್ರ ತಪ್ಪಲಿಲ್ಲ. ಆದ್ದರಿಂದ ಅವಳಿಗೆ ಅದರ ಮೇಲೆ ನಂಬಿಕೆ ಬಂತು.

ಅದರೊಳಗೆ ಇಬ್ಬರಿದ್ದರು. ಒಬ್ಬ ಎಚ್ಚರವಾಗಿದ್ದ. ಅವಳು ಯಾವ ಪುಟ ನೋಡುತ್ತಾಳೆ, ಯಾವ ಅಕ್ಷರ ಒತ್ತುತ್ತಾಳೆ ಎಂಬುದನ್ನು ಎಲ್ಲಿಗೋ ತಿಳಿಸುತ್ತಿದ್ದ. ಇನ್ನೊಬ್ಬ ಮಲಗಿದ್ದ. ಪಂಚಾಂಗ ಎಲ್ಲಿಗೆ ಹೋದರೆ ಅವನೂ ಅಲ್ಲಿಗೆ ಹೋಗುವವನು.

ಯಂತ್ರ ನಿಧಾನವಾಯಿತು. ಕರೆಯದ ಪುಟಗಳು ತಾವಾಗಿ ತೆರೆದುಕೊಂಡವು. ಹೊಸತು ಹಳೆಯದಾಗುತ್ತಿದೆ ಎಂದುಕೊಂಡಳು ಗೃಹಿಣಿ.

ಅವಳ ಎದುರುಮನೆಯಲ್ಲಿ ಒಬ್ಬ ಹೊಲಿಗೆಯ ಶಿಕ್ಷಕಿ ಇದ್ದಳು. ಶಿಕ್ಷಕಿಗೆ ಒಬ್ಬ ಅತ್ತೆ ಇದ್ದಳು. ಆ ಅತ್ತೆ ಒಂಬತ್ತನೆಯ ವಯಸ್ಸಿನಿಂದ ಕಸೂತಿ ಹಾಕಿದವಳು. ತಾಯಿ ಮತ್ತು ಅಜ್ಜಿ ಹಾಕುತ್ತಿದ್ದ ಚಿತ್ತಾರಗಳು ಅವಳ ಬೆರಳಿನಲ್ಲಿದ್ದವು. ಅವನ್ನು ಹಾಕಿದ್ದ ಸೀರೆಗಳು ಇರಲಿಲ್ಲ. ಅವನ್ನು ಸ್ಟೀಲಿನ ಪಾತ್ರೆಗೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಈಗ ಅತ್ತೆಯ ಕಣ್ಣೂ ಹೋಗಿತ್ತು. ಅದು ಮರಳಿ ಬರುವುದಿಲ್ಲ ಎಂದಿದ್ದರು ಡಾಕ್ಟರು.

ಆದ್ದರಿಂದ ಸೊಸೆ ಪ್ರತಿ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳಾಡಿಸುತ್ತಿದ್ದಳು. ಮೂರು ಎಳೆ ಮೇಲೆ, ಎರಡು ಎಳೆ ಅಡ್ಡ, ಒಂದು ಬಿಡು ಎಂದು ಹೇಳುತ್ತಿದ್ದಳು. ಸೊಸೆ ಪರದೆಯ ಮೇಲೆ ಒಂದೊಂದೇ ಚೌಕವನ್ನು ತುಂಬುತ್ತಿದ್ದಳು. ಎರಡು ವರ್ಷದಲ್ಲಿ ನೂರ ನಲವತ್ತಮೂರು ಚಿತ್ತಾರಗಳಾದವು. ದಸರೆಯ ಹೊತ್ತಿಗೆ ಎಲ್ಲವನ್ನೂ ಒಮ್ಮೆಗೇ ಮುದ್ರಿಸಿ ಹೊಲಿಗೆ ತರಗತಿಯ ಹುಡುಗಿಯರಿಗೆ ಕೊಡಬೇಕೆಂದು ಸೊಸೆಯ ಆಸೆ. ಅಲ್ಲಿಯವರೆಗೆ ಅವು ಆ ಒಂದು ಯಂತ್ರದಲ್ಲಿ ಮಾತ್ರ ಇದ್ದವು.

ಒಂದು ದಿನ ಗೃಹಿಣಿ ತನ್ನ ಮೊಮ್ಮಗಳ ಕುಪ್ಪಸದ ಬಟ್ಟೆಗೆ ಒಂದು ಚಿತ್ತಾರ ಕೇಳಿದಳು. ಶಿಕ್ಷಕಿ ತುಳಸಿ ವೃಂದಾವನದ ಚಿತ್ತಾರವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಳು. ಗೃಹಿಣಿ ಚಿತ್ತಾರವನ್ನು ತೆಗೆದುಕೊಂಡಳು. ಪೆನ್‌ಡ್ರೈವನ್ನು ಹಿಂದಿರುಗಿಸಬೇಕಿತ್ತು.

ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಅವಳು ಬರಿದಾಗಿ ಕಳಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುವಳು. ಪೆನ್‌ಡ್ರೈವಿನಲ್ಲಿ ಏನು ಹಾಕುವುದೆಂದು ಯೋಚಿಸಿದಳು. ತನ್ನಲ್ಲಿದ್ದುದರಲ್ಲಿ ಒಳ್ಳೆಯದನ್ನೇ ಹಾಕಿದಳು. ಪಂಚಾಂಗವನ್ನು ಹಾಕಿದಳು.

"ಚಂದ್ರೋದಯ ಭಾಳ ಕರೆಕ್ಟ್ ತೋರಸ್ತದ. ನಿಮ್ಮ ಅತ್ತಿಯವರಿಗೆ ಅನುಕೂಲ ಆಗ್ತದ ನೋಡವಾ," ಎಂದು ಹೇಳಿ ಕೊಟ್ಟಳು.

ಶಿಕ್ಷಕಿಯ ಯಂತ್ರದಲ್ಲಿಯೂ ಕಾವಲುಗಾರನಿದ್ದ. ಅವನೂ ತಡೆದ. ಶಿಕ್ಷಕಿ ಕೈ ಹಿಂತೆಗೆದಳು. ಅತ್ತೆಗೆ ಅದು ತಿಳಿಯಿತು.

"ಯಾಕವಾ, ಏನಂತದ ಅದು?"

"ಇದರಾಗ ಕಳ್ಳ ಅದಾನಂತ್ರಿ ಅತ್ತಿ."

"ಯಾರ ಮನಿಯಿಂದ ಬಂದದ್ದು?"

"ಎದುರುಮನಿಯಿಂದ."

ಅತ್ತೆ ನಕ್ಕಳು. "ಅಕಿ ಮನ್ಯಾಗ ಇರುವಿ ಸುದ್ದಾ ಕಾಲು ತೊಳಕೊಂಡ ಒಳಗ ಬರ್ತದ. ಅಲ್ಲಿ ಕಳ್ಳ ಎಲ್ಲಿಂದ ಬರಬೇಕು? ಬಿಡು ಒಳಗ."

ಶಿಕ್ಷಕಿ ಬಿಟ್ಟಳು.

ಹನ್ನೊಂದನೆಯ ದಿನ ಮಲಗಿದ್ದವನು ಎದ್ದ. ನೂರ ನಲವತ್ತಮೂರು ಕಡತಗಳ ಹೆಸರುಗಳು ಇದ್ದಂತೆಯೇ ಇದ್ದವು. ಯಾವುದನ್ನು ತೆರೆದರೂ ಅರ್ಥವಿಲ್ಲದ ಅಕ್ಷರಗಳು ತುಂಬಿದ್ದವು. ರಿಪೇರಿಯವನು ಬಂದು ಒಂದು ದಿನವೆಲ್ಲ ಕೂತ. ಮೇಲಿನಿಂದ ಬೇರೆ ಬರೆದುಬಿಟ್ಟಿದೆ, ಕೆಳಗಿನದು ಸಿಗುವುದಿಲ್ಲ ಎಂದು ಹೇಳಿ ಎದ್ದ.

ಅವನು ಬೀದಿಗೆ ಬಂದಾಗ ಗೃಹಿಣಿ ಕರೆದಳು. ತನ್ನ ಯಂತ್ರವೂ ಕೆಟ್ಟಿದೆ ಎಂದಳು. ಅವನು ನೋಡಿದ. ಬಹಳ ಹೊತ್ತು ನೋಡಿದ.

"ತಾಯಿ, ಎದುರುಮನ್ಯಾಗ ಇದ್ದಾವನ ಇಲ್ಲೂ ಅದಾನ. ತಾರೀಖು ನೋಡ್ರಿ, ಇಲ್ಲಿಗೇ ಮೊದಲ ಬಂದಾನ. ನಿಮ್ಮ ಕಾವಲು ಮೂರು ಸಲ ಹೇಳೇತಿ. ನೀವ ಅದರ ಬಾಯಿ ಮುಚ್ಚಿಸೀರಿ."

ಗೃಹಿಣಿಯ ಕಡತಗಳೂ ಹಾಳಾಗಿದ್ದವು. ಆದರೆ ಅವಳು ಬರೆದದ್ದನ್ನೆಲ್ಲ ಅಂದಂದೇ ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಡುತ್ತಿದ್ದಳು. ಅವಳು ಕಳೆದುಕೊಂಡದ್ದು ಏನೂ ಇರಲಿಲ್ಲ. ರಿಪೇರಿಯವನು ಯಂತ್ರವನ್ನು ಶುದ್ಧ ಮಾಡಿದ. ಗುಪ್ತಪದಗಳನ್ನೆಲ್ಲ ಇಂದೇ ಬದಲಿಸಿ ಎಂದ. ಅದಕ್ಕೆ ಅರ್ಧ ದಿನ ಹಿಡಿಯಿತು. ಹೋಗುವಾಗ ದನಿ ತಗ್ಗಿಸಿ, "ನಾ ಯಾರಿಗೂ ಹೇಳೂದಿಲ್ರಿ," ಎಂದ.

ಎದುರುಮನೆಯಲ್ಲಿ ಕಾರಣ ತಿಳಿದಿರಲಿಲ್ಲ. ತಾನೇ ಯಾವುದೋ ತಪ್ಪು ಗುಂಡಿ ಒತ್ತಿದೆ ಎಂದು ಸೊಸೆ ತಿಳಿದಳು. ಅತ್ತೆ ಬೇರೆ ತಿಳಿದಳು. ಚಿತ್ತಾರಗಳು ತಾಯಿಯಿಂದ ಮಗಳಿಗೆ ಬಂದವು. ತಾನು ಅವನ್ನು ಊರಿಗೆ ಹಂಚಲು ಹೊರಟೆ. ದೇವಿಗೆ ಅದು ಸರಿಬರಲಿಲ್ಲ, ಕಸಿದುಕೊಂಡಳು. ಸೊಸೆ ಮತ್ತೆ ಬರೆಯೋಣ ಎಂದಾಗ ಅತ್ತೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಒಮ್ಮೆ ಕಸಗೊಂಡಾಳ. ಇನ್ನೊಮ್ಮೆ ಕೆಣಕಬ್ಯಾಡ," ಎಂದಳು.

ಗೃಹಿಣಿ ಇದನ್ನು ಕೇಳಿದಳು. ತಾನು ಹೋಗಿ ಒಂದು ಮಾತು ಹೇಳಿದರೆ ಮುದುಕಿ ಮತ್ತೆ ಬಾಯಿ ತೆರೆಯುತ್ತಾಳೆ ಎಂಬುದು ಅವಳಿಗೆ ತಿಳಿಯಿತು. ಆ ಮಾತು ಹೇಳಿದರೆ ಓಣಿಯಲ್ಲಿ ತನ್ನ ಮನೆಯ ಹೆಸರು ಏನಾಗುತ್ತದೆ ಎಂಬುದೂ ತಿಳಿಯಿತು.

ಅವಳು ಇಪ್ಪತ್ತಾರು ದಿನ ಸುಮ್ಮನಿದ್ದಳು. ಬೆಳಿಗ್ಗೆ ರಂಗೋಲಿ ಹಾಕುವಾಗ ಎದುರಿನ ಬಾಗಿಲು ಕಾಣುತ್ತಿತ್ತು. ಅವಳು ಬಾಗಿಲಿಗೆ ಬೆನ್ನು ಮಾಡಿ ಕೂತು ರಂಗೋಲಿ ಹಾಕುವುದನ್ನು ರೂಢಿಸಿಕೊಂಡಳು. ಇಪ್ಪತ್ತೇಳನೆಯ ದಿನ ಬೀದಿ ದಾಟಿ ಹೋದಳು.

"ಅದು ನಮ್ಮ ಮನಿಯಿಂದ ಬಂದದ್ರಿ," ಎಂದಳು. "ಪಂಚಾಂಗದಾಗ ಇತ್ತು. ನನಗ ಕಾವಲು ಹೇಳಿತ್ತು. ನಾ ಕೇಳಲಿಲ್ಲ."

ಅತ್ತೆ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಹಂಗಾರ ದೇವಿ ಕಸಗೊಂಡಿಲ್ಲ?"

"ಇಲ್ರಿ."

"ಇಷ್ಟು ದಿನ ನಾ ಅಕಿನ್ನ ಬೈದೆ, ಅಕಿ ಕಾಲೂ ಹಿಡದೆ. ನೀ ಎದುರಿಗೇ ಇದ್ದೆಲ್ಲವಾ."

ಅತ್ತೆ ಸೆರಗಿನಿಂದ ಕೈ ತೆಗೆದಳು. ಅಂದು ಮಧ್ಯಾಹ್ನವೇ ಮತ್ತೆ ಕೂತರು. ಗೃಹಿಣಿಯೂ ದಿನಾ ಹೋಗಿ ಕೂತಳು. ಈ ಸಲ ಒಂದು ಚಿತ್ತಾರ ಮುಗಿದ ಕೂಡಲೇ ಅದನ್ನು ಮುದ್ರಿಸಿದರು. ಇನ್ನೊಂದು ಪ್ರತಿಯನ್ನು ಸಿ.ಡಿ.ಯಲ್ಲಿ ಹಾಕಿ ಬೇರೆ ಮನೆಯಲ್ಲಿಟ್ಟರು. ಹೊರಗಿನಿಂದ ಬಂದದ್ದನ್ನು, ಅದು ಯಾರ ಮನೆಯದಾದರೂ ಸರಿ, ಕಾವಲುಗಾರನಿಗೆ ತೋರಿಸದೆ ತೆರೆಯಲಿಲ್ಲ. ಕೊಡುವಾಗಲೂ ಅವನಿಗೆ ತೋರಿಸಿಯೇ ಕೊಟ್ಟರು. ಕೊಟ್ಟವರು ನೊಂದುಕೊಳ್ಳಲಿಲ್ಲ.

ತೊಂಬತ್ತೇಳು ಚಿತ್ತಾರಗಳು ಮರಳಿ ಬಂದವು. ಉಳಿದ ನಲವತ್ತಾರಕ್ಕೆ ಅತ್ತೆಯ ಬೆರಳು ಮೊಣಕಾಲಿನ ಮೇಲೆ ಏಳುವುದು, ಒಂದೆರಡು ಎಳೆ ನಡೆಯುವುದು, ನಿಲ್ಲುವುದು. "ತಡಿ, ಬರ್ತದ," ಎನ್ನುವಳು. ಮೂವರೂ ಕಾಯುವರು. ಬರುತ್ತಿರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕಮಲಾಕ್ಷಿಬಾಯಿ ಕಣ್ಣೊರೆಸಿಕೊಂಡರು. ನನಗೆ ಕತೆಯ ನೀತಿ ಸ್ಪಷ್ಟವಾಗಿ ತಿಳಿದಿತ್ತು. ಹಾಗೆಂದು ನನಗನಿಸಿತ್ತು.

"ಗುರುಗಳ, ಆಕಿ ಕಾವಲಿನ ಮಾತು ಕೇಳಲಿಲ್ಲ," ಎಂದೆ. "ನಮ್ಮ ಕಾವಲು ಇವತ್ತಿನ ತನಕಾ ಒಮ್ಮೆಯೂ ಬ್ಯಾಡ ಅಂದಿಲ್ರಿ. ಪುಕ್ಕಟದ್ದು ಏನೂ ನಾವು ಒಳಗ ತಂದಿಲ್ಲ. ನಮ್ಮ ಮನಿಗೆ ಇಂಥಾದ್ದು ಬರೂದು ಹೆಂಗ್ರಿ?"

ಗುರುಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಿಮ್ಮ ಮನಿಗೆ ಬರೂದು ಇರ್ಲಿ, ನಿಮ್ಮ ಮನಿಯಿಂದ ಯಾರ ಯಾರ ಮನಿಗೆ ಏನೇನು ಹೋಗೇತಿ, ಹೇಳ್ರಿ."

ವಚನದ ಪುಸ್ತಕಗಳನ್ನು ಎತ್ತಿಕೊಂಡು ಎದ್ದೆವು.

ಮುಂದಿನದು ಸೆಪ್ಟೆಂಬರ್ ೧೫ರಿಂದ ಆಚೆಯ ಪುಟಗಳಲ್ಲಿದೆ. ರಿಪೇರಿಯವನನ್ನು ಕರೆಸಿ ನಮ್ಮ ಯಂತ್ರವನ್ನು ತೋರಿಸಿದೆ. ನಮ್ಮ ಕಾವಲಿನ ತಂತ್ರಾಂಶಕ್ಕೆ ಹಾಕಿಸಿದ ದಿನದಿಂದ ಒಂದು ಹೊಸ ಗುರುತೂ ಬಂದಿರಲಿಲ್ಲ. ನಮಗೆ ಇಂಟರ್‌ನೆಟ್ ಸಂಪರ್ಕ ಇರಲಿಲ್ಲ. ನಮ್ಮ ಕಾವಲಿಗೂ ಅದು ಬೇಕೆಂದು ಕತೆ ಕೇಳುವಾಗಲೂ ನನಗೆ ಹೊಳೆದಿರಲಿಲ್ಲ. ವೈರಸ್ ಯಾರದೋ ಪೆನ್‌ಡ್ರೈವಿನಿಂದ ಬಂದು ಒಳಗೆ ಕೂತಿತ್ತು, ಯಾರದೆಂದು ಗೊತ್ತಾಗಲಿಲ್ಲ. ನಾನು ಟೈಪ್ ಮಾಡಿದ ಭಜನೆ ಹಾಡುಗಳನ್ನು ಐದು ಮನೆಗಳಿಗೆ ಕೊಟ್ಟಿದ್ದೆ. ರಿಪೇರಿಯವನನ್ನು ಕರೆದುಕೊಂಡು ಐದೂ ಮನೆಗೆ ಹೋದೆ. ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಇತ್ತು, ಅಂದೇ ತೆಗೆಸಿದೆವು. ಐದನೆಯದು ಶಾರದಾ ಹಂಚಿನಾಳರ ಮನೆ. ಅವರು ಒಂದು ದತ್ತಿಯ ವಿದ್ಯಾರ್ಥಿವೇತನಕ್ಕಾಗಿ ಬಡ ಹುಡುಗಿಯರ ಅರ್ಜಿಗಳನ್ನು ಟೈಪ್ ಮಾಡಿಟ್ಟಿದ್ದರು, ಒಟ್ಟು ಅರವತ್ತೆರಡು. ಒಂದೂ ತೆರೆಯಲಿಲ್ಲ. ಅವರ ಕೈಬರಹದ ವಹಿ ತಂದು ನಾನೇ ಕೂತು ಮತ್ತೆ ಟೈಪ್ ಮಾಡಿದೆ. ಹತ್ತೊಂಬತ್ತು ದಿನ ಹಿಡಿಯಿತು. ಕೊನೆಯ ತಾರೀಖಿನೊಳಗೆ ಐವತ್ತಮೂರು ಅರ್ಜಿಗಳು ತಲುಪಿದವು. ಒಂಬತ್ತು ಹುಡುಗಿಯರಿಗೆ ಆ ವರ್ಷ ವಿದ್ಯಾರ್ಥಿವೇತನ ಸಿಗಲಿಲ್ಲ. ಅವರಲ್ಲಿ ಏಳು ಮಂದಿ ಮರುವರ್ಷ ಅರ್ಜಿ ಹಾಕಿದರು. ಇಬ್ಬರು ಅಷ್ಟರಲ್ಲಿ ಕಾಲೇಜು ಬಿಟ್ಟಿದ್ದರು.